ಶಿಕಿ: ಸೊತೊಬಾ ಹಳ್ಳಿಯ ರಕ್ತಪಿಶಾಚಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಭಾಗದಲ್ಲಿ ಕಥೆಯ ದೊಡ್ಡ ಗುಟ್ಟುಗಳನ್ನು ಬಿಟ್ಟುಕೊಟ್ಟಿಲ್ಲ. ಎರಡನೇ ಭಾಗದಲ್ಲಿ ಎಲ್ಲವನ್ನೂ ಬಿಚ್ಚಿ ಹೇಳಿದ್ದೇನೆ. ಓದದವರು, ನೋಡದವರು ನಡುವಿನ ಎಚ್ಚರಿಕೆ ಬಂದ ಕೂಡಲೇ ನಿಲ್ಲಿಸಿಬಿಡಿ.

ಶಿಕಿ ಕಾದಂಬರಿಯಾ, ಮಂಗಾನಾ, ಅನಿಮೆಯಾ?

ಮೂರೂ ಹೌದು. ಮೊದಲು ಬಂದದ್ದು ಕಾದಂಬರಿ. ಫುಯುಮಿ ಒನೊ ಬರೆದದ್ದು, 1998ರಲ್ಲಿ ಎರಡು ದಪ್ಪ ಸಂಪುಟಗಳಲ್ಲಿ ಬಂತು. ಆಮೇಲೆ ರ್ಯು ಫುಜಿಸಾಕಿ ಅದನ್ನು ಮಂಗಾ, ಅಂದರೆ ಜಪಾನಿನ ಚಿತ್ರಕಥೆ ಮಾಡಿದರು. ಶುಯೇಶಾ ಕಂಪನಿಯ ಜಂಪ್ ಸ್ಕ್ವೇರ್ ಅನ್ನೋ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 2011ರಲ್ಲಿ ಮುಗಿಯಿತು. ಒಟ್ಟು 11 ಸಂಪುಟ. ಅನಿಮೆ, ಅಂದರೆ ಟಿವಿಯ ಕಾರ್ಟೂನ್ ಧಾರಾವಾಹಿ, 2010ರ ಜುಲೈನಲ್ಲಿ ಶುರುವಾಗಿ ಡಿಸೆಂಬರ್‌ಗೆ ಮುಗಿಯಿತು, 22 ಕಂತು. ಅಂದರೆ ಮಂಗಾ ಮುಗಿಯುವ ಮೊದಲೇ ಅನಿಮೆ ಮುಗಿದಿತ್ತು. ಪಾತ್ರಗಳ ಮುಖ, ಕೂದಲು, ಬಟ್ಟೆ ಎಲ್ಲ ಫುಜಿಸಾಕಿ ಅವರ ಚಿತ್ರಗಳಿಂದಲೇ ಅನಿಮೆಗೆ ಹೋಗಿವೆ.

ಎಲ್ಲಿಂದ ಶುರು ಮಾಡಲಿ?

ಮಂಗಾದಿಂದ. ಓದುವಷ್ಟು ಪುರುಸೊತ್ತಿಲ್ಲ ಅಂದರೆ ಅನಿಮೆ ಸಾಕು, ಅದಕ್ಕೆ ಇಂಗ್ಲಿಷ್ ಡಬ್ ಕೂಡ ಇದೆ.

ಕಥೆ ಏನು?

ಸೊತೊಬಾ ಅನ್ನೋದು ಬೆಟ್ಟಗಳ ನಡುವೆ ಸಿಕ್ಕಿಕೊಂಡ ಹಳ್ಳಿ. ಜನಸಂಖ್ಯೆ ಸುಮಾರು 1,300. ಸುತ್ತ ಫರ್ ಮರಗಳ ಕಾಡು. ಒಬ್ಬ ಡಾಕ್ಟರು, ಒಂದು ಬೌದ್ಧ ದೇವಸ್ಥಾನ, ಒಂದಿಷ್ಟು ಗದ್ದೆ, ಬೇಜಾರು ಮಾಡಿಕೊಂಡು ಪಟ್ಟಣದ ಕನಸು ಕಾಣುವ ಹುಡುಗ ಹುಡುಗಿಯರು. ಕಾನೆಮಾಸಾ ಅನ್ನೋ ಹಳೇ ಗೌಡಿಕೆ ಮನೆತನದ ಜಾಗದಲ್ಲಿ, ಗುಡ್ಡದ ಮೇಲೆ, ಯುರೋಪಿನ ಮಾದರಿಯ ದೊಡ್ಡ ಬಂಗಲೆ ಎದ್ದು ನಿಂತಿದೆ. ಒಳಗಿರುವವರನ್ನು ಯಾರೂ ನೋಡಿಲ್ಲ.

ಬೇಸಿಗೆ ಸುಡುತ್ತಿದೆ. ಊರಾಚೆಯ ಯಾಮಾಯಿರಿ ಅನ್ನೋ ಕೇರಿಯಲ್ಲಿ ಉಳಿದಿದ್ದ ಮೂವರು ಮುದುಕರ ಹೆಣಗಳು ಸಿಗುತ್ತವೆ. ಆಮೇಲೆ ಮೆಗುಮಿ ಶಿಮಿಜು ಅನ್ನೋ ಹದಿಹರೆಯದ ಹುಡುಗಿ ಆ ಬಂಗಲೆ ಕಡೆ ಹೋದವಳು ಕಾಡಿನಲ್ಲಿ ಬಿದ್ದಿರುತ್ತಾಳೆ. ಡಾಕ್ಟರು ರಕ್ತಹೀನತೆ ಅನ್ನುತ್ತಾರೆ. ಸುಮ್ನೆ ಸುಸ್ತು, ಎರಡು ದಿನ ಮಲಗಿದರೆ ಸರಿಹೋಗುತ್ತಾಳೆ ಅಂದುಕೊಂಡರೆ, ಸತ್ತೇ ಹೋಗುತ್ತಾಳೆ. ಅಲ್ಲಿಂದ ಸಾವಿನ ಸಾಲು.

ಜಪಾನಿನಲ್ಲಿ ಹೆಣ ಸುಡುತ್ತಾರಲ್ಲ? ಸತ್ತವರು ಎದ್ದು ಬರೋದು ಹೇಗೆ?

ಇಡೀ ಕಥೆ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಇವತ್ತಿನ ಜಪಾನಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಜಾಸ್ತಿ ಹೆಣಗಳನ್ನು ಸುಡುತ್ತಾರೆ. ಹೂಳುವುದನ್ನು ಇಡೀ ದೇಶಕ್ಕೆ ನಿಷೇಧಿಸುವ ಕಾನೂನಿಲ್ಲ. 1948ರ ಸ್ಮಶಾನ ಕಾಯ್ದೆ ಎರಡಕ್ಕೂ ಜಾಗ ಕೊಡುತ್ತದೆ. ಆದರೆ ನಗರಗಳ ಸ್ಥಳೀಯ ನಿಯಮ, ಜಾಗದ ಕೊರತೆ, ರೂಢಿ ಎಲ್ಲ ಸೇರಿ ಹೂಳುವುದು ಅಲ್ಲೊಂದು ಇಲ್ಲೊಂದು ಬೆಟ್ಟದ ಹಳ್ಳಿಯಲ್ಲಿ ಮಾತ್ರ ಉಳಿಯಿತು. ಸೊತೊಬಾ ಅಂಥ ಹಳ್ಳಿ. ಮರದ ಪೆಟ್ಟಿಗೆಯಲ್ಲಿಟ್ಟು ಗುಡ್ಡದಲ್ಲಿ ಹೂಳುತ್ತಾರೆ.

ನಮ್ಮಲ್ಲಿ ಒಂದೇ ಊರಿನಲ್ಲಿ ಹೂಳುವವರೂ ಸುಡುವವರೂ ಇರುವುದರಿಂದ ಕನ್ನಡದ ಓದುಗರಿಗೆ ಇದು ಎದ್ದು ಕಾಣದೆ ಹೋಗಬಹುದು. ಜಪಾನಿನ ಓದುಗರಿಗೆ ಮೊದಲ ಪುಟದಲ್ಲೇ ತಟ್ಟುತ್ತದೆ. ಸತ್ತವನು ಎದ್ದೇಳಬೇಕಾದರೆ ಮೈ ಉಳಿದಿರಬೇಕು. ಬಂಗಲೆಯವರು ಈ ಹಳ್ಳಿಯನ್ನು ಹುಡುಕಿಕೊಂಡು ಬಂದಿದ್ದಾರೆ. ಟೋಕಿಯೊದಲ್ಲಿ ಅವರ ಆಟ ನಡೆಯುತ್ತಿರಲಿಲ್ಲ.

ಹಳ್ಳಿಯ ಹೆಸರೂ ಇದಕ್ಕೇ ಸೇರಿದ್ದು. ಸತ್ತವರ ಹೆಸರಿನಲ್ಲಿ ಸಮಾಧಿಯ ಹಿಂದೆ ನಿಲ್ಲಿಸುವ ಉದ್ದನೆಯ ಮರದ ಹಲಗೆಗೆ ಜಪಾನಿನಲ್ಲಿ ಸೊತೊಬಾ ಅನ್ನುತ್ತಾರೆ. ನಮ್ಮ ‘ಸ್ತೂಪ’ವೇ ಚೀನಾ ಸುತ್ತಿಕೊಂಡು ಹೋಗಿ ಹಾಗಾಗಿದೆ. ಈ ಹಳ್ಳಿ ಬದುಕಿದ್ದೇ ಕಾಡಿನ ಮರದಿಂದ ಆ ಹಲಗೆ ಮತ್ತು ಶವಪೆಟ್ಟಿಗೆ ಮಾಡಿ. ಸಾವನ್ನು ಕೆಲಸ ಮಾಡಿಕೊಂಡಿದ್ದ ಊರಿಗೆ ಸಾವು ಬಂದಾಗ ಗುರುತು ಹಿಡಿಯಲು ಇಷ್ಟು ಹೊತ್ತಾಯಿತಲ್ಲ!

ಊರಿಗೆ ಊರೇ ಸಾಯುತ್ತಿದ್ದರೂ ಹೊರಗಿನವರಿಗೆ ಗೊತ್ತಾಗೋದಿಲ್ಲವಾ? ಪೊಲೀಸು, ಸರಕಾರ?

ನನ್ನ ಪ್ರಕಾರ ಶಿಕಿಯ ನಿಜವಾದ ಬುದ್ಧಿವಂತಿಕೆ ಇರೋದು ಇಲ್ಲಿ. ಬೇರೆ ಕಥೆಗಳ ರಕ್ತಪಿಶಾಚಿಗಳು ಕೋರೆಹಲ್ಲು ನಂಬಿಕೊಂಡಿರುತ್ತಾರೆ. ಇವರು ಕಾಗದಪತ್ರ ನಂಬಿಕೊಂಡಿದ್ದಾರೆ.

ಡಾಕ್ಟರ್ ತೊಶಿಯೊ ಒಜಾಕಿ ಮೊದಲು ಇದನ್ನು ಹೊಸ ಸಾಂಕ್ರಾಮಿಕ ರೋಗ ಅಂದುಕೊಳ್ಳುತ್ತಾನೆ. ಹಾಗಂದುಕೊಳ್ಳೋದು ಸರಿಯೇ. ಮೊದಲು ಮಂಕುತನ, ಸುಸ್ತು, ಬಿಳಿಚಿದ ಮುಖ. ರಕ್ತ ಪರೀಕ್ಷೆಯಲ್ಲಿ ರಕ್ತಹೀನತೆ. ಆಮೇಲೆ ಒಂದೊಂದೇ ಅಂಗ ಕೈಕೊಡುತ್ತದೆ. ಕೆಲವೇ ದಿನ, ಅಷ್ಟೇ. ಅವನು ರಾತ್ರಿ ಕೂತು ವೈದ್ಯಕೀಯ ಪುಸ್ತಕ ತಿರುವುತ್ತಾನೆ, ಸತ್ತವರ ಪಟ್ಟಿ ಮಾಡುತ್ತಾನೆ. ಗೆಳೆಯ ಸೇಶಿನ್ ಮುರೋಯಿ ದೇವಸ್ಥಾನದ ಕಿರಿಯ ಸನ್ಯಾಸಿ. ಯಾರ ಮನೆಯಲ್ಲಿ ಯಾವಾಗ ತಿಥಿ ಅಂತ ಅವನಿಗೆ ಗೊತ್ತು. ಇಬ್ಬರೂ ಪಟ್ಟಿಗಳನ್ನು ಕೂಡಿಸಿ ನೋಡಿದಾಗ ಒಂದು ವಿಚಿತ್ರ ಕಾಣುತ್ತದೆ. ಊರ ಹೊರಗೆ ಕೆಲಸಕ್ಕೆ ಹೋಗುತ್ತಿದ್ದವರೆಲ್ಲ ಸಾಯುವ ಸ್ವಲ್ಪ ಮೊದಲು ಇದ್ದಕ್ಕಿದ್ದಂತೆ ರಾಜೀನಾಮೆ ಕೊಟ್ಟಿದ್ದಾರೆ. ಇನ್ನು ಕೆಲವರು ರಾತ್ರೋರಾತ್ರಿ ಮನೆ ಖಾಲಿ ಮಾಡಿದ್ದಾರೆ.

ಸಾಯುವವನು ರಾಜೀನಾಮೆ ಕೊಡೋದೇಕೆ? ಕಚ್ಚಿಸಿಕೊಂಡವನು ಕಚ್ಚಿದವನ ಮಾತು ಕೇಳುತ್ತಾನೆ, ಅದಕ್ಕೆ. ಆಫೀಸಿನವರು ವಿಚಾರಿಸಿಕೊಂಡು ಬರಬಾರದು. ಬೇರೆ ಆಸ್ಪತ್ರೆಯ ಕಡತದಲ್ಲಿ ಈ ಊರಿನ ಹೆಸರು ಬರಬಾರದು. ಹೊರಗಿನ ಲೆಕ್ಕದಲ್ಲಿ ಇಲ್ಲಿ ಯಾರೂ ಸತ್ತಿಲ್ಲ, ಕೆಲಸ ಬಿಟ್ಟಿದ್ದಾರೆ, ಬೇರೆ ಊರಿಗೆ ಹೋಗಿದ್ದಾರೆ, ಅಷ್ಟೇ.

ಇಷ್ಟಕ್ಕೇ ಮುಗಿಯೋದಿಲ್ಲ. ಠಾಣೆಗೆ ಹೊಸ ಪೊಲೀಸ್ ಬರುತ್ತಾನೆ. ಊರಲ್ಲೇ ಅಂತ್ಯಕ್ರಿಯೆ ಮಾಡಿಕೊಡುವ ಹೊಸ ಕಂಪನಿ ಶುರುವಾಗುತ್ತದೆ. ರಾತ್ರಿ ಮಾತ್ರ ತೆರೆಯುವ ಹೊಸ ಕ್ಲಿನಿಕ್ ಬರುತ್ತದೆ. ಕಡೆಗೆ ಹಳ್ಳಿಯ ಕಚೇರಿಯೂ ರಾತ್ರಿ ಹೊತ್ತು ಕೆಲಸ ಮಾಡತೊಡಗುತ್ತದೆ. ಒಂದೊಂದನ್ನೇ ನೋಡಿದರೆ ಏನೂ ಅನ್ನಿಸೋದಿಲ್ಲ. ಕತ್ತಲಾದ ಮೇಲೆ ದೀಪ ಹಚ್ಚಿಕೊಂಡು ಕೂತ ಸರಕಾರಿ ಕಚೇರಿಯಷ್ಟು ಭಯ ನನಗೆ ಈ ಕಥೆಯ ಯಾವ ರಕ್ತದ ದೃಶ್ಯದಲ್ಲೂ ಆಗಿಲ್ಲ.

ಇವರ ನಿಯಮಗಳೇನು?

ಬಿಸಿಲು ಬಿದ್ದರೆ ಸುಟ್ಟುಹೋಗುತ್ತಾರೆ. ಬೆಳಗಾದರೆ ನಿದ್ದೆ ತಡೆಯಲು ಆಗೋದಿಲ್ಲ. ಎದೆಗೆ ಗೂಟ ಹೊಡೆದರೆ ಅಥವಾ ತಲೆ ಕಡಿದರೆ ಸಾಯುತ್ತಾರೆ. ದೇವರ ಸಾಮಾನು ಕಂಡರೆ ಹೆದರುತ್ತಾರೆ. ಅದು ಶಿಲುಬೆಯೇ ಆಗಬೇಕಿಲ್ಲ, ಊರ ಗುಡಿಯ ತಾಯಿತವೂ ಸಾಕು. ಸತ್ತವರೆಲ್ಲ ಎದ್ದೇಳೋದಿಲ್ಲ, ಕೆಲವರು ಮಾತ್ರ. ಹಾಗಾಗಿ ತನ್ನವರು ಮರಳಿ ಬರುತ್ತಾರಾ ಅನ್ನೋದು ಮನೆಯವರಿಗೂ ಗೊತ್ತಿಲ್ಲ, ಕೊಂದವರಿಗೂ ಗೊತ್ತಿಲ್ಲ. ಎದ್ದವರನ್ನು ಹಳ್ಳಿಯವರು ಕರೆಯೋದು ‘ಒಕಿಯಾಗರಿ’, ಎದ್ದು ಬಂದವರು ಅಂತ. ‘ಶಿಕಿ’ ಅನ್ನೋದು ಅವರ ಇನ್ನೊಂದು ಹೆಸರು.

ಇವರಲ್ಲೇ ‘ಜಿನ್ರೊ’ ಅನ್ನೋ ಇನ್ನೊಂದು ಜಾತಿ ಇದೆ. ಅವರು ಬಿಸಿಲಲ್ಲಿ ಓಡಾಡುತ್ತಾರೆ, ಅನ್ನ ತಿನ್ನುತ್ತಾರೆ. ಬಂಗಲೆಯ ಆಳು ತತ್ಸುಮಿ ಅಂಥವನು.

ಕರೆಯದೆ ಮನೆಯೊಳಗೆ ಬರೋದಿಲ್ಲ ಅಂತಾರಲ್ಲ, ನಿಜವಾ?

ನಿಜ. ಮನೆಯವರು ಒಂದು ಸಲ ‘ಬನ್ನಿ’ ಅನ್ನಬೇಕು. ಕನ್ನಡದವರಿಗೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದ ಕಾಲ ನೆನಪಾಗುತ್ತದೆ ಅಲ್ವಾ? ಅಲ್ಲಿ ದೆವ್ವವನ್ನು ಬಾಗಿಲಲ್ಲೇ ವಾಪಸ್ ಕಳಿಸುವ ಉಪಾಯವಾದರೂ ಇತ್ತು. ಸೊತೊಬಾದಲ್ಲಿ ಅದಿಲ್ಲ, ಯಾಕೆಂದರೆ ಬಾಗಿಲಿಗೆ ಬಂದವರು ಗುರುತಿನವರು, ಇಲ್ಲವೇ ಮರ್ಯಾದಸ್ಥರ ಹಾಗೆ ಕಾಣುವ ಹೊಸ ನೆರೆಯವರು. ಹಳ್ಳಿಯಲ್ಲಿ ಬಂದವರನ್ನು ಹೊಸಿಲ ಆಚೆ ನಿಲ್ಲಿಸಿ ಮಾತಾಡಿಸೋಕೆ ಆಗುತ್ತಾ? ಊರಿನ ಒಳ್ಳೆಯ ಗುಣವೇ ಇಲ್ಲಿ ಊರಿಗೆ ಮುಳುವಾಗುತ್ತದೆ.

ಹೆಸರುಗಳು ನೆನಪೇ ಇರೋದಿಲ್ಲ. ಯಾರನ್ನು ಗಮನಿಸಲಿ?

ಎಲ್ಲರ ಗೋಳೂ ಇದೇ. ನೂರಾರು ಜನ ಬರುತ್ತಾರೆ, ಯಾಕೆಂದರೆ ಇಲ್ಲಿ ಹಳ್ಳಿಯೇ ನಾಯಕ. ಸದ್ಯಕ್ಕೆ ನಾಲ್ವರನ್ನು ಹಿಡಿದುಕೊಳ್ಳಿ. ಡಾಕ್ಟರ್ ತೊಶಿಯೊ. ಸನ್ಯಾಸಿ ಸೇಶಿನ್, ಇವನು ಕಾದಂಬರಿಕಾರ ಕೂಡ. ಪಟ್ಟಣದಿಂದ ಅಪ್ಪ ಅಮ್ಮನ ಜೊತೆ ಬಂದು ಇಲ್ಲಿ ಸಿಕ್ಕಿಬಿದ್ದ ಹುಡುಗ ನತ್ಸುನೊ ಯೂಕಿ. ಬಂಗಲೆಯ ಚಿಕ್ಕ ಹುಡುಗಿ ಸುನಾಕೊ ಕಿರಿಶಿಕಿ. ಉಳಿದವರು ತಾವಾಗಿಯೇ ಮನಸ್ಸಿನಲ್ಲಿ ಉಳಿಯುತ್ತಾರೆ. ಉಳಿಯುವ ಹೊತ್ತಿಗೆ ಸಾಯುತ್ತಾರೆ, ಅದು ಬೇರೆ ಮಾತು.

ತುಂಬಾ ನಿಧಾನ ಅಂತಾರೆ.

ಹೌದು, ನಿಧಾನ. ಅನಿಮೆಯ ಮೊದಲ ಏಳೆಂಟು ಕಂತುಗಳಲ್ಲಿ ಬರೀ ಸಾವು, ತಿಥಿ, ಸೆಕೆ, ಹರಟೆ. ಅದನ್ನು ಸಹಿಸಿದವರಿಗೆ ಮಾತ್ರ ಕೊನೆಯ ಕಂತುಗಳು ಸರಿಯಾಗಿ ತಾಗುತ್ತವೆ. ಅಲ್ಲಿ ಸಾಯುವವರ ಮನೆ, ಅಂಗಡಿ, ಜಗಳ ಎಲ್ಲ ನಿಮಗೆ ಗೊತ್ತಿರುತ್ತದೆ.

ಕಥೆ ಇಷ್ಟು ಗಂಭೀರ, ಕೂದಲು ಯಾಕೆ ಹಾಗೆ?

ಫುಜಿಸಾಕಿ ಶೈಲಿಯೇ ಅದು. 1996ರಿಂದ 2000ದವರೆಗೆ ವೀಕ್ಲಿ ಶೋನೆನ್ ಜಂಪ್‌ನಲ್ಲಿ ಚೀನಾದ ಪುರಾಣ ಆಧರಿಸಿದ ‘ಹೋಶಿನ್ ಎಂಗಿ’ ಮಾಡಿದವರು ಇವರು. ವಿಚಿತ್ರ ಬಟ್ಟೆ, ಗಾಳಿಗೆ ಗುರುತ್ವಕ್ಕೆ ಯಾವುದಕ್ಕೂ ಬಗ್ಗದ ಕೂದಲು ಅಲ್ಲಿಂದಲೇ ಬಂದದ್ದು. ಹಳ್ಳಿಯ ಸನ್ಯಾಸಿಗೆ ಬೂದು ಬಣ್ಣದ ಉದ್ದ ಕೂದಲು ನೋಡಿ ನಗು ಬಂದರೆ ತಪ್ಪಿಲ್ಲ. ಆದರೆ ಇದರಿಂದ ಒಂದು ಲಾಭವೂ ಇದೆ. ಇಷ್ಟು ಜನರ ನಡುವೆ ಯಾರು ಯಾರು ಅಂತ ತಲೆ ನೋಡಿದರೆ ಗೊತ್ತಾಗಿಬಿಡುತ್ತದೆ. ಎದ್ದು ಬಂದವರ ಕಪ್ಪು ಕಣ್ಣುಗಳಂತೂ ಈ ಶೈಲಿಯಲ್ಲೇ ಚೆನ್ನ.

ಪುಟ ಯಾವ ಕಡೆಯಿಂದ ಓದಬೇಕು?

ಬಲದಿಂದ ಎಡಕ್ಕೆ. ಪುಸ್ತಕವೂ ಹಾಗೇ, ಪುಟದೊಳಗಿನ ಚೌಕಗಳೂ ಹಾಗೇ.

ಇದು ಸ್ಟೀಫನ್ ಕಿಂಗ್ ಕಥೆಯ ನಕಲು ಅಲ್ಲವಾ?

ನಕಲು ಮಾಡಿದವರು ಮುಚ್ಚಿಡುತ್ತಾರೆ. ಒನೊ ತಮ್ಮ ಕಾದಂಬರಿಯನ್ನು ಕಿಂಗ್ ಅವರ ‘ಸೇಲಮ್ಸ್ ಲಾಟ್’ ಕಾದಂಬರಿಗೇ ಅರ್ಪಿಸಿದ್ದಾರೆ, ಮೊದಲಲ್ಲೇ ಅಚ್ಚು ಹಾಕಿಸಿದ್ದಾರೆ. 1975ರ ಆ ಪುಸ್ತಕದಲ್ಲೂ ಅಮೆರಿಕದ ಒಂದು ಸಣ್ಣ ಊರು, ಗುಡ್ಡದ ಮೇಲಿನ ಮನೆ, ಊರಿಗೆ ಬಂದ ಹೊಸಬರು ಇದ್ದಾರೆ. ಒಬ್ಬ ಬರಹಗಾರನೂ ಇದ್ದಾನೆ. ಚೌಕಟ್ಟು ಅಲ್ಲಿಯದು. ಒಳಗೆ ತುಂಬಿದ್ದೆಲ್ಲ ಜಪಾನಿನದು. ಹೂಳುವ ಪದ್ಧತಿ, ದೇವಸ್ಥಾನದ ದಾನಿ ಮನೆತನಗಳು, ಡಾಕ್ಟರ ಮನೆಗೆ ಇರುವ ಗೌರವ, ಇವೆಲ್ಲ ಇಲ್ಲದೆ ಈ ಕಥೆ ನಡೆಯೋದಿಲ್ಲ. ಇನ್ನೊಂದು ದೊಡ್ಡ ವ್ಯತ್ಯಾಸ, ಒನೊ ರಕ್ತಪಿಶಾಚಿಗಳ ಮನಸ್ಸಿನೊಳಗೂ ಹೋಗುತ್ತಾರೆ.

ಕಥೆಯಲ್ಲಿ ಬರುವ, ದೀವಟಿಗೆ ಹಿಡಿದು ಹುಳ ಓಡಿಸುವ ಹಬ್ಬ ನಿಜವಾಗಿ ಇದೆಯಾ?

ಇದೆ. ‘ಮುಶಿ ಒಕುರಿ’ ಅನ್ನುತ್ತಾರೆ. ಬೇಸಿಗೆಯಲ್ಲಿ ಭತ್ತದ ಗದ್ದೆಗೆ ಬೀಳುವ ಹುಳಗಳನ್ನು ಊರ ಗಡಿಯಾಚೆ ಕಳಿಸುವ ಆಚರಣೆ. ದೀವಟಿಗೆ ಹಿಡಿದು, ತಮಟೆ ಬಡಿದು, ಹುಲ್ಲಿನ ಬೊಂಬೆ ಹೊತ್ತು ಗದ್ದೆಯ ಬದಿಯಲ್ಲಿ ಹೋಗುತ್ತಾರೆ. ಕೆಲವು ಕಡೆ ಆ ಬೊಂಬೆಯ ಹೆಸರು ಸಾನೆಮೊರಿ. 1183ರಲ್ಲಿ ಶಿನೊಹಾರಾ ಯುದ್ಧದಲ್ಲಿ ಸತ್ತ ಯೋಧ ಸೈತೊ ಸಾನೆಮೊರಿ. ಭತ್ತದ ಕೂಳೆಗೆ ಅವನ ಕುದುರೆ ಎಡವಿ, ಅವನು ವೈರಿಯ ಕೈಗೆ ಸಿಕ್ಕಿ ಸತ್ತ, ಆ ಸಿಟ್ಟಿಗೆ ಭತ್ತ ತಿನ್ನುವ ಹುಳವಾದ ಅಂತ ಜನರ ನಂಬಿಕೆ. ಕೆಟ್ಟದ್ದನ್ನು ಗಡಿಯಾಚೆ ಕಳಿಸಿದೆವು ಅಂತ ಊರು ನೆಮ್ಮದಿಯಾಗಿರುವಾಗಲೇ ಒಳಗೆ ಬೇರೇನೋ ಬಂದು ಕೂರುತ್ತದೆ.

ಮಕ್ಕಳು ಓದಬಹುದಾ?

ಬೇಡ. ಹದಿನಾರರ ಮೇಲಿನವರಿಗೆ ಸರಿ. ಕೊನೆಯ ಭಾಗದ ಹಿಂಸೆ ದೊಡ್ಡವರಿಗೂ ಕಷ್ಟ.

ಎಚ್ಚರಿಕೆ: ಇಲ್ಲಿಂದ ಮುಂದೆ ಎಲ್ಲ ಗುಟ್ಟುಗಳೂ ಇವೆ.

ನತ್ಸುನೊ ಸಾಯುತ್ತಾನಾ, ಬದುಕುತ್ತಾನಾ?

ಯಾವುದನ್ನು ಓದುತ್ತಿದ್ದೀರಿ ಅನ್ನೋದರ ಮೇಲೆ ಹೋಗುತ್ತದೆ. ಕಾದಂಬರಿಯಲ್ಲಿ ಸತ್ತವನು ಸತ್ತ, ಮತ್ತೆ ಏಳೋದಿಲ್ಲ. ಮಂಗಾ ಮತ್ತು ಅನಿಮೆಯಲ್ಲಿ ಜಿನ್ರೊ ಆಗಿ ಎದ್ದು ಬಂದು ಡಾಕ್ಟರ ಜೊತೆ ಸೇರುತ್ತಾನೆ. ಮೂರು ರೂಪಗಳ ನಡುವಿನ ಅತಿ ದೊಡ್ಡ ಬದಲಾವಣೆ ಇದೇ. ಮಂಗಾಕ್ಕೆ ಒಬ್ಬ ಹುಡುಗ ನಾಯಕ ಬೇಕಿತ್ತು, ಅದು ಅರ್ಥವಾಗುತ್ತದೆ. ಆದರೂ ನನಗೆ ಕಾದಂಬರಿಯ ನಿರ್ಧಾರವೇ ಹೆಚ್ಚು ಗಟ್ಟಿ ಅನ್ನಿಸುತ್ತದೆ. ಇಡೀ ಊರಿನಲ್ಲಿ ಎಲ್ಲರಿಗಿಂತ ಮೊದಲು ಸತ್ಯ ಕಂಡವನು, ಸುಮ್ನೆ ಸತ್ತುಹೋಗುತ್ತಾನೆ.

ಅವನನ್ನು ಕಚ್ಚುವುದು ಗೆಳೆಯ ತೋರು. ಇಷ್ಟವಿದ್ದಲ್ಲ. ನೀನು ಮಾಡದಿದ್ದರೆ ನಿನ್ನ ಮನೆಯವರನ್ನು ಮುಗಿಸುತ್ತೇವೆ ಅಂತ ಹೆದರಿಸಿರುತ್ತಾರೆ. ಕಿಟಕಿಯ ಆಚೆ ನಿಂತು ಅಳುವ ತೋರುವನ್ನು ನೋಡಿದ ಮೇಲೆ ಈ ಕಥೆಯಲ್ಲಿ ಪಿಶಾಚಿಗಳನ್ನು ಸುಮ್ನೆ ದ್ವೇಷಿಸೋಕೆ ಆಗೋದಿಲ್ಲ.

ಡಾಕ್ಟರು ಹೆಂಡತಿಗೆ ಮಾಡಿದ್ದು ಸರಿಯಾ?

ಕ್ಯೋಕೊ ಸಾಯುತ್ತಾಳೆ. ತೊಶಿಯೊ ಅವಳ ಸಾವನ್ನು ಯಾರಿಗೂ ಹೇಳದೆ, ಕ್ಲಿನಿಕ್ಕಿನಲ್ಲೇ ಇಟ್ಟುಕೊಂಡು, ಏಳುವುದನ್ನು ಕಾಯುತ್ತಾನೆ. ಎದ್ದ ಮೇಲೆ ಮಂಚಕ್ಕೆ ಕಟ್ಟಿ ಪರೀಕ್ಷೆ ಶುರು ಮಾಡುತ್ತಾನೆ. ಯಾವ ಔಷಧ ಕೆಲಸ ಮಾಡುತ್ತದೆ, ಗಾಯ ಎಷ್ಟು ಬೇಗ ಮಾಯುತ್ತದೆ, ಯಾವುದಕ್ಕೆ ಹೆದರುತ್ತಾಳೆ. ಒಂದೊಂದನ್ನೂ ಬರೆದಿಟ್ಟುಕೊಳ್ಳುತ್ತಾನೆ. ಅವಳಿಗೆ ಎಚ್ಚರವಿದೆ. ಕೊನೆಗೆ ಎದೆಗೆ ಗೂಟ. ಒಳಗೆ ಬಂದ ಸೇಶಿನ್ ರಕ್ತ ಮೆತ್ತಿದ ಗೆಳೆಯನನ್ನು ನೋಡುತ್ತಾನೆ. ಬಾಲ್ಯದ ಸ್ನೇಹ ಅಲ್ಲಿಗೆ ಮುರಿಯುತ್ತದೆ.

ಆ ಟಿಪ್ಪಣಿ ಇಲ್ಲದಿದ್ದರೆ ಊರು ಉಳಿಯುವ ದಾರಿಯೇ ಸಿಗುತ್ತಿರಲಿಲ್ಲ. ಹಾಗಂತ ನೋಡಿದವರು ಯಾರೂ ಅವನನ್ನು ಮೊದಲಿನಂತೆ ನೋಡಲಾರರು. ಸರಿಯಾ ಅಂದರೆ ನಾನು ಅಲ್ಲ ಅನ್ನುತ್ತೇನೆ. ಬೇರೇನು ಮಾಡಬೇಕಿತ್ತು ಅಂದರೆ ನನ್ನ ಹತ್ತಿರ ಉತ್ತರವಿಲ್ಲ.

ಹಳ್ಳಿಯವರು ಇದ್ದಕ್ಕಿದ್ದಂತೆ ಅಷ್ಟು ಕ್ರೂರಿಗಳಾಗೋದು ನಂಬುವಂತಿದೆಯಾ?

ಇದ್ದಕ್ಕಿದ್ದಂತೆ ಅಲ್ಲ. ಅಷ್ಟು ದಿನ ನಂಬಲು ಒಲ್ಲೆ ಅಂದವರಿಗೆ, ಊರ ಹಬ್ಬದ ದಿನ ತೊಶಿಯೊ ಬಂಗಲೆಯ ಒಡತಿ ಚಿಜುರುವನ್ನು ಗುಡಿಗೆ ಕರೆದುಕೊಂಡು ಬಂದು ಎಲ್ಲರೆದುರು ಬಯಲು ಮಾಡುತ್ತಾನೆ. ಅಲ್ಲಿಂದ ಬೇಟೆ. ಅದು ಹೊಲದ ಕೆಲಸದ ಹಾಗೆ ನಡೆಯುತ್ತದೆ, ಅದೇ ಭಯ. ಗಂಡಸರು ಗೂಟ ಕೆತ್ತುತ್ತಾರೆ, ಅಡಗಿದವರನ್ನು ಹಗಲಿನಲ್ಲಿ ಹೊರಗೆಳೆಯುತ್ತಾರೆ, ಹೆಣಗಳ ಸಾಲಿನ ಪಕ್ಕದಲ್ಲೇ ಕೂತು ಊಟ ಮಾಡುತ್ತಾರೆ. ಪಟ್ಟಣಕ್ಕೆ ಓಡಿಹೋಗಬೇಕು ಅಂತ ಸದಾ ಕನಸು ಕಾಣುತ್ತಿದ್ದ ಮೆಗುಮಿ ಊರ ಗಡಿ ದಾಟಲಾಗದೆ ಗದ್ದೆಯಲ್ಲಿ ಟ್ರ್ಯಾಕ್ಟರ್ ಕೆಳಗೆ ಸಿಗುತ್ತಾಳೆ. ಓಡಿಸುವವರು ಅವಳನ್ನು ಚಿಕ್ಕವಳಿದ್ದಾಗಿನಿಂದ ನೋಡಿದವರು.

ರಕ್ತ ಕುಡಿಯದೆ ಇರಲು ಆಗುತ್ತಿರಲಿಲ್ಲವಾ?

ನರ್ಸ್ ರಿತ್ಸುಕೊ ಅದನ್ನು ಮಾಡಿ ತೋರಿಸುತ್ತಾಳೆ. ಎದ್ದು ಬಂದ ಮೇಲೂ, ಎದುರಿಗೆ ತಂದಿಟ್ಟದ್ದು ಜೊತೆಗೆ ಕೆಲಸ ಮಾಡಿದ ನರ್ಸನ್ನೇ ಆದರೂ, ಹಸಿವಿನಿಂದ ಒದ್ದಾಡಿದರೂ ಮುಟ್ಟೋದಿಲ್ಲ. ಜೊತೆಗಿದ್ದ ತೋರು ಕುಡಿದವನು, ಅವಳನ್ನು ನೋಡಿ ಕುಸಿಯುತ್ತಾನೆ. ಇಬ್ಬರೂ ಒಟ್ಟಿಗೆ ಸಾಯುತ್ತಾರೆ. ‘ಬೇರೆ ದಾರಿ ಇರಲಿಲ್ಲ’ ಅನ್ನುವ ಸುನಾಕೊಳ ಮಾತಿಗೆ ಈ ಒಬ್ಬಳೇ ಉತ್ತರ. ಆದರೆ ಆ ಉತ್ತರದ ಬೆಲೆ ಸಾವು ಅನ್ನೋದನ್ನೂ ಕಥೆ ಮುಚ್ಚಿಡೋದಿಲ್ಲ.

ಸೇಶಿನ್ ಯಾಕೆ ಆ ಕಡೆ ಹೋದ? ತುಂಬಾ ಸಿಟ್ಟು ಬರುತ್ತೆ.

ಎಲ್ಲರಿಗೂ ಬರುತ್ತೆ. ಊರಿನವರು ಸಾಯುತ್ತಿರುವಾಗ ಕಾದಂಬರಿ ಬರೆಯುತ್ತಾ ಕೂತವನು ಅವನು. ತಮ್ಮನನ್ನು ಕೊಂದು ಅಲೆಯುವ ಅಣ್ಣನ ಕಥೆ. ಸುನಾಕೊ ಅವನ ಬರಹದ ಅಭಿಮಾನಿ. ದೇವರು ತನ್ನನ್ನು ಕೈಬಿಟ್ಟ ಅನ್ನುವ ಅವಳ ನೋವು, ಎಲ್ಲರೂ ಒಳ್ಳೆಯವನು ಅನ್ನುವ ಊರಿನಲ್ಲಿ ಒಳಗೊಳಗೇ ಟೊಳ್ಳಾಗಿದ್ದ ಇವನಿಗೆ ತನ್ನದೇ ಅನ್ನಿಸುತ್ತದೆ. ಅವನು ಪಿಶಾಚಿಗಳ ಪಕ್ಷ ಸೇರಿದ ಅನ್ನುವುದಕ್ಕಿಂತ ಊರನ್ನು ಬಿಟ್ಟ ಅನ್ನೋದು ಸರಿ. ನನಗೆ ಅವನ ಮೇಲೆ ಕನಿಕರವಿಲ್ಲ, ಆದರೆ ಅವನಿಲ್ಲದೆ ಕಥೆ ಬರೀ ಬೇಟೆಯಾಗಿಬಿಡುತ್ತಿತ್ತು.

ಕೊನೆಗೆ ಯಾರು ಗೆದ್ದರು?

ಊರು ಬೆಂಕಿಗೆ ಹೋಗುತ್ತದೆ. ಉಳಿದವರು ಊರು ಬಿಡುತ್ತಾರೆ. ಅನಿಮೆಯಲ್ಲಿ ನತ್ಸುನೊ ತತ್ಸುಮಿಯನ್ನು ಹಿಡಿದುಕೊಂಡು ಡೈನಮೈಟ್ ಸಿಡಿಸುತ್ತಾನೆ. ಜಿನ್ರೊ ಆದ ಸೇಶಿನ್, ಸುನಾಕೊಳನ್ನು ಕರೆದುಕೊಂಡು ಪಾರಾಗುತ್ತಾನೆ. ತೊಶಿಯೊ ಬದುಕುತ್ತಾನೆ, ಆದರೆ ಉಳಿಸಬೇಕು ಅಂದುಕೊಂಡ ಊರೇ ಇಲ್ಲ.

ಒನೊ ಅವರ ಬೇರೆ ಯಾವುದನ್ನು ಓದಲಿ?

ಭಯವೇ ಬೇಕು ಅಂದರೆ ‘ಜಾನ್‌ಎ’. 2013ರಲ್ಲಿ ಯಾಮಾಮೊತೊ ಶುಗೊರೊ ಪ್ರಶಸ್ತಿ ಬಂದದ್ದು ಅದಕ್ಕೆ, 2016ರಲ್ಲಿ ಸಿನಿಮಾ ಕೂಡ ಆಯಿತು. ಒಂದು ಬಾಡಿಗೆ ಮನೆಯ ಸದ್ದಿನಿಂದ ಶುರುವಾಗಿ ಆ ಜಾಗದ ಹಿಂದಿನ ಸಾವುಗಳನ್ನು ಅಗೆಯುತ್ತಾ ಹೋಗುತ್ತದೆ. ಭಯ ಬೇಡ ಅಂದರೆ ‘ಹನ್ನೆರಡು ರಾಜ್ಯಗಳು’ ಸರಣಿ, ಅವರ ಹೆಸರು ಜಾಸ್ತಿ ಹರಡಿದ್ದು ಅದರಿಂದಲೇ.

ಅನಿಮೆಯ 20.5 ಮತ್ತು 21.5 ಕಂತುಗಳು ಎಲ್ಲಿಂದ ಬಂದವು? ಯಾವಾಗ ನೋಡಲಿ?

ಅವು ಟಿವಿಯಲ್ಲಿ ಬಂದಿಲ್ಲ, ಡಿಸ್ಕ್ ಜೊತೆ ಬಂದವು. ಸಂಖ್ಯೆ ಹೇಳುವ ಜಾಗದಲ್ಲೇ ನೋಡಿ: 20 ಆದ ಮೇಲೆ ಒಂದು, 21 ಆದ ಮೇಲೆ ಇನ್ನೊಂದು. ದೊಡ್ಡ ಪಾತ್ರಗಳು ಇವುಗಳಲ್ಲಿ ಹೆಚ್ಚು ಕಾಣಿಸೋದಿಲ್ಲ, ಬೇಟೆಯ ನಡುವೆ ಸಿಕ್ಕಿಕೊಂಡ ಸಾಮಾನ್ಯ ಜನರ ಕಥೆ ಇದೆ. ಬಿಟ್ಟರೂ ಕಥೆ ಅರ್ಥವಾಗುತ್ತದೆ, ಆದರೆ ಬಿಡಬೇಡಿ.